ಶುಶ್ರೂಷಕಿಯರ ನೌಕರಿಗೆ ಸ್ವವಿವರ ಮತ್ತು ಅರ್ಜಿಪತ್ರ ಬರೆಯುವ ಬಗೆ



ನಮ್ಮ ಮನೆಗಳಲ್ಲಿ ‘ಬಯೋಡಾಟಾ’ ಎಂಬ ಮಾತು ಕಿವಿಗೆ ಬಿದ್ದೊಡನೆ ಎಲ್ಲರ ಮನಸ್ಸೂ ಮದುವೆಯ ಕಡೆಗೆ ಹೊರಳುತ್ತದೆ. ಹುಡುಗಿಯ ಎತ್ತರ, ಮೈಬಣ್ಣ, ಒಳಪಂಗಡ, ತಂದೆಯ ಹೊಲದ ಎಕರೆ, ಸೋದರಮಾವನ ಊರು, ಸ್ಟುಡಿಯೋದಲ್ಲಿ ತೆಗೆಸಿದ ಒಂದು ಭಾವಚಿತ್ರ, ಇಷ್ಟು ಸೇರಿದರೆ ಬಯೋಡಾಟಾ ಆಯಿತು. ಸಮಾಜದ ಪತ್ರಿಕೆಗಳ ವಧು-ವರರ ಪುಟಗಳನ್ನು ಓದಿ ಓದಿ ನಮಗೆ ಆ ಕ್ರಮವೇ ಕರಗತವಾಗಿದೆ. ಆ ಕಾರ್ಯಕ್ಕೆ ಅದು ಸರಿಯೇ. ಆದರೆ ನರ್ಸಿಂಗ್ ಓದು ಮುಗಿಸಿದ ಮಗಳು ಆಸ್ಪತ್ರೆಯ ನೌಕರಿಗೆ ಅರ್ಜಿ ಹಾಕುವಾಗಲೂ ಅದೇ ಹಾಳೆಗೆ ಎರಡು ಸಾಲು ಸೇರಿಸಿ ಕಳಿಸುವುದನ್ನು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಾನು ಅನೇಕ ಸಲ ಕಂಡಿದ್ದೇನೆ. ಅವಳಿಗೆ ಕೆಲಸ ಬರುತ್ತದೆ, ಆದರೆ ಬರುತ್ತದೆಂಬುದು ಆ ಹಾಳೆಯಿಂದ ಯಾರಿಗೂ ತಿಳಿಯುವುದಿಲ್ಲ.

ನಾನು ವೈದ್ಯನೂ ಅಲ್ಲ, ಆಸ್ಪತ್ರೆಯ ಆಡಳಿತ ಬಲ್ಲವನೂ ಅಲ್ಲ. ಮಠದಲ್ಲಿ ವ್ಯಾಕರಣ, ವಚನಶಾಸ್ತ್ರಗಳನ್ನು ಓದಿ ಬೆಳೆದವನು. ನಾಲ್ಕು ಅಕ್ಷರ ಬಲ್ಲವನೆಂಬ ಕಾರಣದಿಂದ ಊರಿನವರು ಅರ್ಜಿ, ಆಹ್ವಾನಪತ್ರಿಕೆ, ಶ್ರದ್ಧಾಂಜಲಿಗಳನ್ನು ಬರೆಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಹಾಗೆ ಬಂದ ಒಬ್ಬ ಹುಡುಗಿಯ ಅರ್ಜಿಯನ್ನು ಬರೆದು ನಾನು ಕೆಡಿಸಿದೆ. ಕೆಡಿಸಿದ ಮೇಲೆ ಆಕೆಯಿಂದಲೇ ಪಾಠ ಕಲಿತೆ. ಆ ಪಾಠವನ್ನು ಹಂಚಿಕೊಳ್ಳುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ಬರೆದ ಪತ್ರ

ಆಕೆ ಕೆಂಭಾವಿಯ ಕಡೆಯವಳು. ೩ ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ, ಶಹಾಪುರದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ದುಡಿದಿದ್ದಳು. ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹುದ್ದೆಗಳಿವೆಯೆಂದು ಕೇಳಿ ತಂದೆಯೊಡನೆ ಬಂದಳು. ನಾನು ಉತ್ಸಾಹದಿಂದ ಎರಡು ಪುಟದ ಪತ್ರ ಬರೆದೆ. ಆಸ್ಪತ್ರೆಯನ್ನು ಧನ್ವಂತರಿಯ ಆಲಯವೆಂದು ಬಣ್ಣಿಸಿದೆ. ಹುಡುಗಿಯ ಬಡತನವನ್ನೂ ತಂದೆಯ ಸಾಲವನ್ನೂ ಮಳೆ ಕೈಕೊಟ್ಟ ತೊಗರಿ ಹೊಲವನ್ನೂ ಕರುಳು ಕರಗುವಂತೆ ನಿರೂಪಿಸಿದೆ. ‘ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುತ್ತೇನೆ’ ಎಂದು ಮುಗಿಸಿದೆ. ತಂದೆ ಕಣ್ಣು ಒರೆಸಿಕೊಂಡರು. ನನಗೂ ಪತ್ರ ಚೆನ್ನಾಗಿ ಬಂತೆಂಬ ಹೆಮ್ಮೆಯಾಯಿತು.

ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಹುಡುಗಿ ತಾನೇ ಬಸ್ಸು ಹತ್ತಿ ಹೋಗಿ ವಿಚಾರಿಸಿದಳು. ಅಲ್ಲಿಯ ಹಿರಿಯ ಸಿಸ್ಟರ್ ಒಬ್ಬರು ಆ ಪತ್ರವನ್ನು ಹುಡುಕಿ ತೆಗೆದು, ಓದಿ, ನಕ್ಕು, “ಇದೆಲ್ಲ ಇರಲಿ. ನೀನು ರಾತ್ರಿ ಪಾಳಿ ಮಾಡಿದ್ದೀಯಾ? ಎಷ್ಟು ಜನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದೆ? ಹೆರಿಗೆಗೆ ನಿಂತಿದ್ದೀಯಾ?” ಎಂದು ಕೇಳಿದರಂತೆ. ಹುಡುಗಿ ಎಲ್ಲಕ್ಕೂ ನೇರವಾಗಿ ಉತ್ತರ ಹೇಳಿದಳು. “ಇದನ್ನು ಯಾಕೆ ಬರೆಯಲಿಲ್ಲ? ಈಗ ಹುದ್ದೆಗಳು ತುಂಬಿದವಲ್ಲ” ಎಂದರಂತೆ ಅವರು. ನನ್ನ ಎರಡು ಪುಟಗಳಲ್ಲಿ ಆಕೆಯ ಕೆಲಸದ ಒಂದು ಮಾತೂ ಇರಲಿಲ್ಲ.

ಚಾರ್ಟಿನ ಹಾಗೆ ಬರೆಯಿರಿ

ಹುಡುಗಿ ಮರಳಿ ಬಂದಾಗ ನಾನು ಕ್ಷಮೆ ಕೇಳಿದೆ. ಬಳಿಕ ಆಸ್ಪತ್ರೆಯಲ್ಲಿ ನೀವು ದಿನಾಲೂ ಏನು ಬರೆಯುತ್ತೀರಿ ಎಂದು ವಿಚಾರಿಸಿದೆ. ರೋಗಿಯ ಹಾಸಿಗೆಯ ಬಳಿ ಒಂದು ಚಾರ್ಟ್ ಇರುತ್ತದೆ, ಅದರಲ್ಲಿ ಗಂಟೆ, ಜ್ವರ, ನಾಡಿ, ರಕ್ತದೊತ್ತಡ, ಕೊಟ್ಟ ಔಷಧ, ಅದರ ಪ್ರಮಾಣ, ಕೊಟ್ಟವರ ಸಹಿ ಇವನ್ನು ಬರೆಯಬೇಕು, ಪಾಳಿ ಬದಲಾಗುವಾಗ ಮುಂದಿನವರಿಗೆ ವರದಿ ಒಪ್ಪಿಸಬೇಕು ಎಂದಳು. ಬರೆಯದೆ ಇದ್ದುದು ಮಾಡದೆ ಇದ್ದುದಕ್ಕೆ ಸಮ ಎಂದು ಅವರ ಉಪಾಧ್ಯಾಯಿನಿ ಕಲಿಸಿದ್ದರಂತೆ. ‘ರೋಗಿ ಬಹಳ ಸಂಕಟಪಟ್ಟನು, ನಾನು ಪ್ರೀತಿಯಿಂದ ಸೇವೆ ಮಾಡಿದೆನು’ ಎಂದು ಚಾರ್ಟಿನಲ್ಲಿ ಬರೆದರೆ ಮುಂದಿನ ಪಾಳಿಯವಳು ಏನು ಮಾಡಬೇಕು?

ಅಲ್ಲಿಗೆ ನನಗೆ ಹೊಳೆಯಿತು. ಶುಶ್ರೂಷಕಿಗೆ ಸ್ವವಿವರ ಬರೆಯುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಅವಳು ನಿತ್ಯವೂ ಅದೇ ಬಗೆಯ ಬರವಣಿಗೆಯನ್ನು ಮಾಡುತ್ತಿದ್ದಾಳೆ. ಏನು, ಎಲ್ಲಿ, ಎಷ್ಟು, ಯಾವಾಗ, ಯಾರ ಮೇಲ್ವಿಚಾರಣೆಯಲ್ಲಿ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಚಾರ್ಟ್ ಪೂರ್ಣವಾಗುತ್ತದೆ. ಸ್ವವಿವರವೂ ಹಾಗೆಯೇ ಪೂರ್ಣವಾಗುತ್ತದೆ. ೧೮೫೩ರಿಂದ ೧೮೫೬ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ದೀಪ ಹಿಡಿದು ರೋಗಿಗಳ ನಡುವೆ ನಡೆದ ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆಸ್ಪತ್ರೆಗಳ ಸುಧಾರಣೆಗೆ ಸರಕಾರವನ್ನು ಒಪ್ಪಿಸಲು ಆಕೆ ಮುಂದಿಟ್ಟದ್ದು ಸತ್ತವರ, ಬದುಕಿದವರ, ಸಾವಿನ ಕಾರಣಗಳ ಲೆಕ್ಕವನ್ನು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆ ಆರಂಭವಾದಂದಿನಿಂದ ಲೆಕ್ಕ ಬರೆಯುವುದು ಈ ವೃತ್ತಿಯ ಅಂಗವೇ ಆಗಿದೆ.

ಹೆಸರು ಮತ್ತು ಊರು

ಸ್ವವಿವರದ ತಲೆಯ ಮೇಲೆ ಹೆಸರು ಬರಬೇಕು. ಇಲ್ಲಿಯೇ ನಮ್ಮ ಸೀಮೆಯವರ ಮೊದಲ ತೊಡಕು. ಅಂಕಪಟ್ಟಿಯಲ್ಲಿ ‘ಶರಣಮ್ಮ ತಂದೆ ಬಸಣ್ಣ’, ಆಧಾರಿನಲ್ಲಿ ‘ಶರಣಮ್ಮ ಬಿ.’, ಮದುವೆಯಾದ ಬಳಿಕ ಬ್ಯಾಂಕಿನಲ್ಲಿ ‘ಶರಣಮ್ಮ ಗಂಡ ಮಲ್ಲಣ್ಣ’, ಹೀಗೆ ಒಬ್ಬಳೇ ಮೂವರಾಗಿರುತ್ತಾಳೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದೆಡೆ ಒಂದು ಸ್ವರ ಹೆಚ್ಚು, ಇನ್ನೊಂದೆಡೆ ಕಡಿಮೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿಯೂ ನರ್ಸಿಂಗ್ ಕೌನ್ಸಿಲಿನ ನೋಂದಣಿಯಲ್ಲಿಯೂ ಯಾವ ಹೆಸರು, ಯಾವ ಅಕ್ಷರಗಳಲ್ಲಿದೆಯೋ ಅದನ್ನೇ ಬರೆಯಿರಿ. ಅವೆರಡರಲ್ಲಿಯೇ ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದುಪಡಿ ಮಾಡಿಸಿಕೊಳ್ಳಿರಿ. ಹೊರದೇಶದ ಆಸ್ಪತ್ರೆಗಳಿಗೆ ಹೋಗುವವರ ಪ್ರಮಾಣಪತ್ರಗಳನ್ನು ಅವನ್ನು ಕೊಟ್ಟ ಸಂಸ್ಥೆಗೇ ಬರೆದು ಪರಿಶೀಲಿಸುವ ಪದ್ಧತಿಯಿದೆ; ಅಲ್ಲಿ ಒಂದಕ್ಷರದ ವ್ಯತ್ಯಾಸವೂ ತಿಂಗಳುಗಟ್ಟಲೆ ತಡೆಯಾಗಬಲ್ಲದು.

ಊರಿನ ವಿಷಯವೂ ಹೀಗೆಯೇ. ಹಳೆಯ ಕಾಗದಗಳಲ್ಲಿ ನಮ್ಮದು ಗುಲಬರ್ಗಾ ಜಿಲ್ಲೆ. ೨೦೧೦ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗಿ ಕಾರ್ಯಾರಂಭ ಮಾಡಿತು, ೨೦೧೪ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. ಆ ಬಳಿಕ ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಯಾದಗಿರಿಯಿಂದ ಗುರುಮಠಕಲ್ ಪ್ರತ್ಯೇಕ ತಾಲೂಕುಗಳಾದವು. ಸುರಪುರವೆಂದೂ ಶೋರಾಪುರವೆಂದೂ ಒಂದೇ ಊರನ್ನು ಕರೆಯುತ್ತೇವೆ. ಇದನ್ನೆಲ್ಲ ಅರಿಯದ ಬೆಂಗಳೂರಿನ ಅಥವಾ ಹೈದರಾಬಾದಿನ ಅಧಿಕಾರಿಗೆ ನಿಮ್ಮ ಅಂಕಪಟ್ಟಿಯ ಜಿಲ್ಲೆ ಬೇರೆ, ವಿಳಾಸದ ಜಿಲ್ಲೆ ಬೇರೆಯಾಗಿ ಕಂಡು ಸಂಶಯ ಬರಬಹುದು. ಸ್ವವಿವರದಲ್ಲಿ ಇಂದಿನ ವಿಳಾಸವನ್ನು ಒಂದೇ ರೂಪದಲ್ಲಿ ಬರೆಯಿರಿ. ಕೇಳಿದರೆ ವಿವರಿಸಲು ಸಿದ್ಧರಾಗಿರಿ. ಹೆಸರಿನ ಕೆಳಗೆ ಸದಾ ಕೈಗೆ ಸಿಗುವ ಒಂದು ದೂರವಾಣಿ ಸಂಖ್ಯೆ, ಒಂದು ಇ-ಮೇಲ್ ವಿಳಾಸ ಇರಲಿ. ಇ-ಮೇಲ್ ನಿಮ್ಮ ಹೆಸರಿನಲ್ಲಿಯೇ ಇರಲಿ. ಗೆಳತಿಯರು ತಮಾಷೆಗೆ ಇಟ್ಟ ಹೆಸರಿನಲ್ಲಿ ಬೇಡ.

ಸ್ವವಿವರದ ಅನುಕ್ರಮ

ಒಂದು ಪುಟ ಸಾಕು; ಅನುಭವ ಹೆಚ್ಚಿದ್ದವರಿಗೆ ಎರಡು. ಅದರಲ್ಲಿ ಈ ಕ್ರಮವನ್ನು ಪಾಲಿಸಬಹುದು.

ಮೊದಲನೆಯದು, ನೋಂದಣಿ. ಎ.ಎನ್.ಎಂ. ೨ ವರ್ಷದ್ದು, ಜಿ.ಎನ್.ಎಂ. ೩ ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ ೪ ವರ್ಷದ್ದು. ಯಾವುದನ್ನು ಓದಿದ್ದರೂ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಬೇರೆ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸುವುದು ಬೇರೆ. ಅಂಕಪಟ್ಟಿ ಬಂದೊಡನೆ ಎಲ್ಲ ಮುಗಿಯಿತೆಂದು ಎಷ್ಟೋ ಮನೆಗಳಲ್ಲಿ ತಿಳಿದಿದ್ದಾರೆ. ನೋಂದಣಿಯಿಲ್ಲದವಳನ್ನು ಒಳ್ಳೆಯ ಆಸ್ಪತ್ರೆ ತೆಗೆದುಕೊಳ್ಳುವುದಿಲ್ಲ. ಆದುದರಿಂದ ನೋಂದಣಿ ಸಂಖ್ಯೆ, ಅದರ ಅವಧಿ ಇವು ಹೆಸರಿನ ಕೆಳಗೇ ಎದ್ದು ಕಾಣಬೇಕು. ನೋಂದಣಿಗೆ ಅರ್ಜಿ ಹಾಕಿ ಕಾಯುತ್ತಿದ್ದರೆ ಹಾಗೆಂದೇ ಬರೆಯಿರಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರು ಆಯಾ ರಾಜ್ಯದ ಕೌನ್ಸಿಲಿನಲ್ಲಿ ಮಾಡಿಸಬೇಕಾದ ನೋಂದಣಿಯ ಬಗೆಗೆ ಮೊದಲೇ ವಿಚಾರಿಸಿಕೊಳ್ಳಬೇಕು.

ಎರಡನೆಯದು, ಅನುಭವ. ಇದರ ಬಗೆಗೆ ಮುಂದೆ ವಿಸ್ತರಿಸುತ್ತೇನೆ.

ಮೂರನೆಯದು, ವಿದ್ಯೆ. ಇತ್ತೀಚಿನದು ಮೊದಲು, ಹಳೆಯದು ಕೊನೆಗೆ. ಕೋರ್ಸು, ಸಂಸ್ಥೆ, ಮಂಡಳಿ ಅಥವಾ ವಿಶ್ವವಿದ್ಯಾಲಯ, ವರ್ಷ, ಅಂಕ, ಇಷ್ಟು ಸಾಕು.

ನಾಲ್ಕನೆಯದು, ವಿಶೇಷ ತರಬೇತಿ. ಹೃದಯ ನಿಂತಾಗ ಎದೆಯೊತ್ತಿ ಉಸಿರು ಕೊಡುವ ಬಿ.ಎಲ್.ಎಸ್. ತರಬೇತಿ, ನವಜಾತ ಶಿಶುವಿನ ಉಸಿರಾಟ ಚೇತರಿಸುವ ತರಬೇತಿ, ಸೋಂಕು ನಿಯಂತ್ರಣದ ತರಬೇತಿ, ಇವುಗಳಲ್ಲಿ ಯಾವುದನ್ನು ಪಡೆದಿದ್ದರೂ ದಿನಾಂಕದೊಡನೆ ಬರೆಯಿರಿ.

ಐದನೆಯದು, ಭಾಷೆಗಳು. ಇದನ್ನು ನಮ್ಮ ಮಕ್ಕಳು ಕೊನೆಯಲ್ಲಿ ಸಂಕೋಚದಿಂದ ಒಂದು ಸಾಲು ಬರೆದು ಮುಗಿಸುತ್ತಾರೆ. ಆದರೆ ಇದು ನಮ್ಮ ಸೀಮೆಯ ಆಸ್ತಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಗುರುಮಠಕಲ್ಲಿನ ಕಡೆಗೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಹೀಗೆ ಮೂರು ನಾಲ್ಕು ಭಾಷೆಗಳನ್ನು ಆಡುತ್ತ ಬೆಳೆದವರು ನಾವು. ನಡುರಾತ್ರಿ ನೋವಿನಿಂದ ನರಳುವ ಮುದುಕಿಗೆ ಅವಳ ಮಾತಿನಲ್ಲಿಯೇ ‘ಎಲ್ಲಿ ನೋಯುತ್ತದೆ?’ ಎಂದು ಕೇಳಬಲ್ಲ ಶುಶ್ರೂಷಕಿಯ ಬೆಲೆ ಹೈದರಾಬಾದಿನ ಆಸ್ಪತ್ರೆಗೂ ಗೊತ್ತು, ಬೆಂಗಳೂರಿನ ಆಸ್ಪತ್ರೆಗೂ ಗೊತ್ತು. ಮಾತನಾಡಬಲ್ಲವು ಯಾವುವು, ಓದಿ ಬರೆಯಬಲ್ಲವು ಯಾವುವು ಎಂದು ಬೇರ್ಪಡಿಸಿ ಬರೆಯಿರಿ.

ಆರನೆಯದು, ನಿಮ್ಮ ಕೆಲಸವನ್ನು ಬಲ್ಲ ಇಬ್ಬರ ಹೆಸರು. ಕಲಿಸಿದ ಉಪಾಧ್ಯಾಯಿನಿ, ಮೇಲ್ವಿಚಾರಣೆ ಮಾಡಿದ ಹಿರಿಯ ಸಿಸ್ಟರ್ ಅಥವಾ ವೈದ್ಯರು. ಅವರ ಒಪ್ಪಿಗೆ ಪಡೆದೇ ಬರೆಯಬೇಕು. ಮಠದ ಸ್ವಾಮಿಗಳ, ಶಾಸಕರ, ನನ್ನಂತಹವರ ಹೆಸರುಗಳು ಇಲ್ಲಿ ಉಪಯೋಗಕ್ಕೆ ಬಾರವು. ನೀವು ಸೂಜಿ ಚುಚ್ಚುವುದನ್ನು ನಾವು ನೋಡಿಲ್ಲ.

ಅನುಭವವನ್ನು ಬರೆಯುವ ಬಗೆ

ಆ ಹುಡುಗಿಯ ಮೊದಲ ಸ್ವವಿವರದಲ್ಲಿ ಅನುಭವದ ಕೆಳಗೆ ಹೀಗಿತ್ತು: ‘ರೋಗಿಗಳ ಆರೈಕೆ ಮಾಡಿದ್ದೇನೆ. ನಾನು ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು, ಎಲ್ಲರೊಡನೆ ಹೊಂದಿಕೊಳ್ಳುವವಳು.’ ಈ ಮಾತುಗಳನ್ನು ಯಾರು ಬೇಕಾದರೂ ಬರೆಯಬಹುದು, ಸೋಮಾರಿಯೂ ಬರೆಯಬಹುದು.

ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತೆವು. ನಾನು ಐದು ಪ್ರಶ್ನೆಗಳನ್ನು ಕೇಳುತ್ತ ಹೋದೆ, ಆಕೆ ಹೇಳುತ್ತ ಹೋದಳು. ಕೊನೆಗೆ ಹಾಳೆಯ ಮೇಲೆ ಬಂದದ್ದು ಇದು: ‘ಸ್ಟಾಫ್ ನರ್ಸ್, ೧೨ ಹಾಸಿಗೆಗಳ ನರ್ಸಿಂಗ್ ಹೋಮ್, ಶಹಾಪುರ, ೧೪ ತಿಂಗಳು. ರಾತ್ರಿ ಪಾಳಿಯಲ್ಲಿ ೮ರಿಂದ ೧೦ ರೋಗಿಗಳ ಹೊಣೆ. ಸಲೈನ್ ಹಚ್ಚುವುದು, ಚುಚ್ಚುಮದ್ದು, ಮೂತ್ರನಳಿಕೆ ಅಳವಡಿಸುವುದು, ಆಮ್ಲಜನಕ ಕೊಡುವುದು, ಇ.ಸಿ.ಜಿ. ತೆಗೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು. ಹೆರಿಗೆಯಲ್ಲಿ ವೈದ್ಯರಿಗೆ ನೆರವು ಮತ್ತು ಕೂಸಿನ ಮೊದಲ ಆರೈಕೆ. ಹಾವು ಕಡಿದವರಿಗೆ ವೈದ್ಯರ ಆದೇಶದಂತೆ ವಿಷನಿರೋಧಕ ಔಷಧದ ಸಲೈನ್ ಕೊಡುವಾಗ ಮೈಯಲ್ಲಿ ಪ್ರತಿಕ್ರಿಯೆ ಕಾಣುವುದೋ ಎಂದು ನಿಗಾ ಇಡುವುದು. ಪಾಳಿ ವರದಿ ಬರೆಯುವುದು.’

ಹಾವು ಕಡಿದವರ ಸಂಗತಿಯನ್ನು ಬರೆಯಲು ಆಕೆ ಮೊದಲು ಒಪ್ಪಲಿಲ್ಲ. “ಹಳ್ಳಿ ದವಾಖಾನಿ ಕೆಲಸ ಅಂತ ನಗ್ತಾರ ಮುತ್ಯಾ” ಎಂದಳು. ನಗುವುದಿಲ್ಲ. ಹತ್ತಿ, ತೊಗರಿ, ಭತ್ತದ ಹೊಲಗಳ ಈ ಸೀಮೆಯಲ್ಲಿ ಹಾವು ಕಡಿದವರನ್ನೂ ಕೀಟನಾಶಕ ಹೊಟ್ಟೆಗೆ ಹೋದವರನ್ನೂ ಮೊದಲು ಎದುರುಗೊಳ್ಳುವುದು ಇಂತಹ ಚಿಕ್ಕ ದವಾಖಾನೆಗಳೇ. ನಗರದಲ್ಲಿ ಕಲಿತವರಲ್ಲಿ ಅನೇಕರು ಅದನ್ನು ಕಣ್ಣಾರೆ ಕಂಡಿರುವುದಿಲ್ಲ. ನೀವು ಕಂಡಿರುವಿರಿ. ಅದು ನಿಮ್ಮ ಅನುಭವ, ಬರೆಯಿರಿ.

ಈಗತಾನೇ ಓದು ಮುಗಿಸಿದವರು ‘ನಮಗೆ ಅನುಭವವಿಲ್ಲ’ ಎಂದು ಆ ಭಾಗವನ್ನೇ ಬಿಟ್ಟುಬಿಡುತ್ತಾರೆ. ಓದಿನ ಕಾಲದಲ್ಲಿ ನೀವು ಶಸ್ತ್ರಚಿಕಿತ್ಸಾ ವಾರ್ಡು, ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಮನೋರೋಗ ವಿಭಾಗ, ಹಳ್ಳಿಯ ಆರೋಗ್ಯ ಕೇಂದ್ರ ಇವುಗಳಲ್ಲಿ ವಾರಗಟ್ಟಲೆ ದುಡಿದಿದ್ದೀರಿ. ಯಾವ ಆಸ್ಪತ್ರೆ, ಯಾವ ವಾರ್ಡು, ಎಷ್ಟು ವಾರ ಎಂದು ಬರೆಯಿರಿ. ಹೆರಿಗೆಯ ದಾಖಲೆ ಪುಸ್ತಕದಲ್ಲಿ ಎಷ್ಟು ಹೆರಿಗೆಗಳನ್ನು ನೋಡಿದಿರಿ, ಎಷ್ಟನ್ನು ಮೇಲ್ವಿಚಾರಣೆಯಲ್ಲಿ ಮಾಡಿಸಿದಿರಿ ಎಂಬ ಲೆಕ್ಕ ಸಹಿಯೊಡನೆ ಇದೆ. ಆ ಪುಸ್ತಕವನ್ನು ಅಟ್ಟದ ಮೇಲೆ ಎಸೆಯಬೇಡಿ.

ನಡುವೆ ಮದುವೆಯೋ ಹೆರಿಗೆಯೋ ಅತ್ತೆಯ ಕಾಯಿಲೆಯೋ ಬಂದು ಎರಡು ವರ್ಷ ಕೆಲಸ ಬಿಟ್ಟಿದ್ದರೆ ದಿನಾಂಕಗಳನ್ನು ತಿರುಚಿ ಮುಚ್ಚುವ ಅಗತ್ಯವಿಲ್ಲ. ‘೨೦೨೧ರಿಂದ ೨೦೨೩, ಕೌಟುಂಬಿಕ ಕಾರಣದಿಂದ ವಿರಾಮ, ನೋಂದಣಿ ಚಾಲ್ತಿಯಲ್ಲಿದೆ’ ಎಂಬ ಒಂದು ಸಾಲು ಸಾಕು.

ಬರೆಯಬಾರದವು

ಎತ್ತರ, ತೂಕ, ಮೈಬಣ್ಣ, ತಂದೆಯ ಆಸ್ತಿ, ರಾಶಿ, ನಕ್ಷತ್ರ ಇವು ಬೇಡ. ಜಾತಿ, ಒಳಪಂಗಡಗಳೂ ಬೇಡ. ಸಮಾಜದ ಪತ್ರಿಕೆಯಲ್ಲಿ ಕುಳಿತು ಹೀಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಯೋಚಿಸಿ ನೋಡಿ. ‘ನಮ್ಮವರ ಆಸ್ಪತ್ರೆ, ಹೆಸರು ನೋಡಿ ತೆಗೆದುಕೊಳ್ಳುತ್ತಾರೆ’ ಎಂಬ ಭರವಸೆಯಿಂದ ಬರೆದವಳಿಗೆ, ಅದೇ ಕಾರಣದಿಂದ ಬೇರೊಂದು ಕಡೆ ಬಾಗಿಲು ಮುಚ್ಚಿದರೆ ದೂರುವ ಹಕ್ಕು ಎಲ್ಲಿ ಉಳಿಯಿತು? ಹಾಸಿಗೆಯ ಮೇಲಿರುವ ರೋಗಿಯ ಕುಲವನ್ನು ಕೇಳದೆ ಸೇವೆ ಮಾಡುವವಳು ತನ್ನ ಕುಲವನ್ನು ಮುಂದಿಟ್ಟು ಆ ಕೆಲಸವನ್ನು ಕೇಳಬಾರದು. ಸರಕಾರಿ ಅರ್ಜಿಯಲ್ಲಿ ಮೀಸಲಾತಿಯ ಕಾಲಂ ಇರುತ್ತದೆ. ಅದು ಕಾನೂನಿನ ವಿಷಯ, ಅಲ್ಲಿ ಕೇಳಿದ್ದನ್ನು ಪ್ರಮಾಣಪತ್ರದೊಡನೆ ತುಂಬಬೇಕು.

ಇನ್ನು ಬರೆಯಬಾರದ ಮುಖ್ಯ ಸಂಗತಿ ಸುಳ್ಳು. ಅರ್ಜಿ ಟೈಪು ಮಾಡಿಸಲು ಹೋದಾಗ ಅಂಗಡಿಯಾತ, “ತೀವ್ರ ನಿಗಾ ಘಟಕದಲ್ಲಿ ಎರಡು ವರ್ಷ ಅಂತ ಹಾಕ್ತೀನಿ, ಸಂಬಳ ಜಾಸ್ತಿ ಬರ್ತದ” ಎಂದನಂತೆ. ಸರ್ಟಿಫಿಕೇಟು ಕೂಡ ದುಡ್ಡಿಗೆ ಸಿಗುವುದೆಂದು ಸೂಚಿಸಿದನಂತೆ. ತಂದೆ ನನ್ನ ಮುಖ ನೋಡಿದರು. “ಎಲ್ಲಾರೂ ಹಂಗೇ ಬರೀತಾರ್ರೀ ಶಾಸ್ತ್ರಿಗಳೇ, ನಾವೂ ಬರದ್ರ ಏನಾಗ್ತದ್ರಿ?” ಎಂದರು. ಅವರು ಕೆಟ್ಟವರಲ್ಲ, ಮಗಳ ಓದಿಗೆ ಮಾಡಿದ ಸಾಲಕ್ಕೆ ಬಡ್ಡಿ ಏರುತ್ತಿತ್ತು. ನಾನು ತಕ್ಷಣ ಬೇಡವೆನ್ನಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಹೇಳಿದವಳು ಆ ಹುಡುಗಿ: “ಮೊದಲ್ನೇ ರಾತ್ರಿನೇ ವೆಂಟಿಲೇಟರ್ ಇದ್ದ ಪೇಶಂಟನ್ನ ನನ್ನ ಕೈಗಿ ಕೊಟ್ರ? ಏನರ ಆದ್ರ ಯಾರು ಜವಾಬು ಮುತ್ಯಾ?”

ಆ ಪ್ರಶ್ನೆಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. ಬೇರೆ ನೌಕರಿಗಳಲ್ಲಿ ಸುಳ್ಳು ಅನುಭವ ಬರೆದವನು ತನ್ನ ಮಾನವನ್ನು ಪಣಕ್ಕಿಡುತ್ತಾನೆ. ಶುಶ್ರೂಷಕಿ ಬರೆದರೆ ಪಣಕ್ಕೆ ಬೀಳುವುದು ಗುರುತಿಲ್ಲದ ಒಬ್ಬ ರೋಗಿಯ ಪ್ರಾಣ. ಸಿಕ್ಕಿಬಿದ್ದರೆ ನೌಕರಿಯ ಜೊತೆಗೆ ನೋಂದಣಿಗೂ ಸಂಚಕಾರ ಬರಬಹುದು. ಬಾರದ ಕೆಲಸವನ್ನು ‘ಕಲಿಯಲು ಸಿದ್ಧಳಿದ್ದೇನೆ’ ಎಂದು ಬರೆದರೆ ಕುಂದಿಲ್ಲ. ಹೊಸಬರಿಗೆ ಕಲಿಸುವ ಏರ್ಪಾಡು ಒಳ್ಳೆಯ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತದೆ.

ಅರ್ಜಿಪತ್ರ

ಸ್ವವಿವರದ ಮೇಲೆ ಇಡುವ ಪತ್ರವನ್ನು ಕವರಿಂಗ್ ಲೆಟರ್ ಎನ್ನುತ್ತಾರೆ. ಸ್ವವಿವರ ಎಲ್ಲ ಆಸ್ಪತ್ರೆಗಳಿಗೂ ಹೆಚ್ಚುಕಡಿಮೆ ಒಂದೇ. ಪತ್ರ ಮಾತ್ರ ಒಂದೊಂದು ಆಸ್ಪತ್ರೆಗೆ ಒಂದೊಂದು. ಅರ್ಧ ಪುಟ ಸಾಕು. ಎರಡು ರೌಂಡುಗಳ ನಡುವೆ ನಿಂತುಕೊಂಡೇ ಓದುವವರಿಗೆ ನಾವು ಬರೆಯುತ್ತಿದ್ದೇವೆ ಎಂಬುದು ನೆನಪಿರಲಿ. ಯಾವ ಹುದ್ದೆ, ನಾನು ಯಾರು, ಏನು ಮಾಡಿದ್ದೇನೆ, ಈ ಆಸ್ಪತ್ರೆಯೇ ಏಕೆ, ಯಾವಾಗ ಬರಬಲ್ಲೆ, ಇಷ್ಟು ಅದರಲ್ಲಿರಬೇಕು. ನಾವು ಎರಡನೆಯ ಸಲ ಬರೆದ ಪತ್ರದ ಮಾದರಿ ಇಲ್ಲಿದೆ.

‘ನರ್ಸಿಂಗ್ ಅಧೀಕ್ಷಕರಿಗೆ,

ವಿಷಯ: ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ.

ಮಾನ್ಯರೇ,

ತಮ್ಮ ಆಸ್ಪತ್ರೆಯ ಪ್ರಕಟಣೆಯನ್ನು ನೋಡಿ ಈ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಜಿ.ಎನ್.ಎಂ. ಮುಗಿಸಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿತಳಾಗಿದ್ದೇನೆ. ಶಹಾಪುರದ ೧೨ ಹಾಸಿಗೆಗಳ ನರ್ಸಿಂಗ್ ಹೋಮಿನಲ್ಲಿ ೧೪ ತಿಂಗಳು ಕೆಲಸ ಮಾಡಿ, ರಾತ್ರಿ ಪಾಳಿಗಳಲ್ಲಿ ಹೆರಿಗೆಗೆ ನೆರವಾಗುವುದನ್ನೂ ಕೂಸಿನ ಮೊದಲ ಆರೈಕೆಯನ್ನೂ ಕಲಿತಿದ್ದೇನೆ. ತೀವ್ರ ನಿಗಾ ಘಟಕದ ಅನುಭವ ನನಗಿಲ್ಲ, ಕಲಿಯಲು ಸಿದ್ಧಳಿದ್ದೇನೆ.

ಸುರಪುರ, ಶಹಾಪುರಗಳ ಕಡೆಯಿಂದ ಕಷ್ಟದ ಹೆರಿಗೆಗಳು ತಮ್ಮಲ್ಲಿಗೆ ಬರುವುದನ್ನು ಬಲ್ಲೆ. ಆ ತಾಯಂದಿರ ಕನ್ನಡ, ದಖನಿ, ಲಂಬಾಣಿ ಮಾತುಗಳನ್ನು ನಾನು ಆಡಬಲ್ಲೆ. ಎಲ್ಲ ಪಾಳಿಗಳಲ್ಲಿಯೂ ಕೆಲಸ ಮಾಡುತ್ತೇನೆ. ಈಗಿರುವ ಕಡೆ ಒಂದು ತಿಂಗಳ ಸೂಚನೆ ಕೊಟ್ಟು ಬರಬಲ್ಲೆ. ಸ್ವವಿವರವನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ.’

ಬೇಡುವ ಮಾತು ಇದರಲ್ಲಿ ಒಂದೂ ಇಲ್ಲ, ಜಂಬದ ಮಾತೂ ಇಲ್ಲ. ಬಡತನದ ಪ್ರಸ್ತಾಪವಿಲ್ಲ. ಬಡತನ ನಾಚಿಕೆಯ ಸಂಗತಿಯಲ್ಲ. ಆದರೆ ಆಸ್ಪತ್ರೆ ಸಂಬಳ ಕೊಡುವುದು ಕೆಲಸಕ್ಕೆ.

ಖಾಸಗಿ ಆಸ್ಪತ್ರೆಗಳಿಗೆ ಬಹುತೇಕ ಇಂಗ್ಲಿಷಿನಲ್ಲಿಯೇ ಕಳಿಸಬೇಕಾಗುತ್ತದೆ. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿರಿ. ಅಂಗಡಿಯಲ್ಲಿ ಸಿದ್ಧವಾಗಿಟ್ಟಿರುವ ದೊಡ್ಡ ಮಾತುಗಳ ಪತ್ರವನ್ನು ಕೊಳ್ಳಬೇಡಿ. ಸಂದರ್ಶನದಲ್ಲಿ ‘ಈ ಮಾತಿನ ಅರ್ಥವೇನು?’ ಎಂದು ಕೇಳಿದರೆ ತಲೆ ತಗ್ಗಿಸಬೇಕಾದೀತು. ಬರೆದ ಮೇಲೆ ಇಂಗ್ಲಿಷ್ ಬಲ್ಲ ಉಪಾಧ್ಯಾಯರಿಗೆ ತೋರಿಸಿ ಕಾಗುಣಿತ ತಿದ್ದಿಸಿಕೊಳ್ಳಿ. ಔಷಧಗಳ, ಉಪಕರಣಗಳ ಹೆಸರಿನಲ್ಲಿ ತಪ್ಪಿರಬಾರದು. ಇ-ಮೇಲಿನಲ್ಲಿ ಕಳಿಸುವಾಗ ಅಕ್ಷರಗಳು ಕೆಡದಂತೆ ಪಿ.ಡಿ.ಎಫ್. ಮಾಡಿ, ಆ ಕಡತಕ್ಕೆ ನಿಮ್ಮ ಹೆಸರನ್ನೇ ಇಡಿರಿ.

ಸರಕಾರಿ ಹುದ್ದೆಗಳು

ಸರಕಾರಿ ನೇಮಕಾತಿಯಲ್ಲಿ ಸ್ವವಿವರಕ್ಕೆ ಸ್ಥಾನ ಕಡಿಮೆ. ಅಲ್ಲಿ ನಡೆಯುವುದು ಅಧಿಸೂಚನೆಯ ನಮೂನೆ, ಅಂಕ, ಮೀಸಲಾತಿ, ದಾಖಲೆ. ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಬೇಕು. ನಮ್ಮ ಭಾಗದವರು ಮರೆಯಬಾರದ ದಾಖಲೆ ಒಂದಿದೆ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಬಂದ ೩೭೧(ಜೆ) ವಿಧಿಯ ಅನ್ವಯ, ೨೦೧೩ರ ಆದೇಶದಂತೆ, ಇಂದು ಕಲ್ಯಾಣ ಕರ್ನಾಟಕವೆನಿಸಿರುವ ಈ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. ೮೦ರಷ್ಟು ಸ್ಥಳೀಯರಿಗೆ ಮೀಸಲು. ಅದರ ಪ್ರಯೋಜನ ಪಡೆಯಲು ಉಪವಿಭಾಗಾಧಿಕಾರಿಗಳು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ಮೀರುತ್ತದೆ. ಓದು ಮುಗಿದ ವರ್ಷವೇ ಮಾಡಿಸಿಟ್ಟುಕೊಳ್ಳಿ. ಗುತ್ತಿಗೆಯ ಹುದ್ದೆಗಳಿಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಛೇರಿಯ ಪ್ರಕಟಣೆಗಳನ್ನು ಆಗಾಗ ನೋಡುತ್ತಿರಬೇಕು.

ತಂದೆತಾಯಿಗಳಿಗೆ ಎರಡು ಮಾತು

ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ ಮರಳಿ ಪಡೆಯಿರಿ. ‘ಕೆಲಸ ಬಿಡುವವರೆಗೆ ನಮ್ಮಲ್ಲಿರಲಿ’ ಎಂದರೆ ಒಪ್ಪಬೇಡಿ. ಕೆಲಸ ಕೊಡಿಸುತ್ತೇನೆಂದು ಮುಂಗಡ ಕೇಳುವವರನ್ನು ನಂಬಬೇಡಿ. ರಾತ್ರಿ ಪಾಳಿ, ವಸತಿನಿಲಯ, ರಜೆ ಇವುಗಳ ಬಗೆಗೆ ಮಗಳೇ ಸಂದರ್ಶನದಲ್ಲಿ ಕೇಳಲಿ. ನೀವು ಅವಳ ಪರವಾಗಿ ಮಾತನಾಡಬೇಡಿ. ಹತ್ತು ರೋಗಿಗಳನ್ನು ಒಂಟಿಯಾಗಿ ಬೆಳಗಿನವರೆಗೆ ಕಾಯ್ದವಳು ತನ್ನ ಮಾತನ್ನು ತಾನೇ ಆಡಬಲ್ಲಳು. ಅವಳು ಬರೆಯುವಾಗಲೂ ಹಾಗೆಯೇ. ನನ್ನಂತಹ ಹಿರಿಯರಿಂದ ಬರೆಸಬೇಡಿ. ಅವಳೇ ಬರೆಯಲಿ, ನೀವು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿ.

ನಮ್ಮ ಸುರಪುರ ಸೀಮೆಯ ಮುದನೂರಿನವನೆಂದು ಹೇಳುವ ಜೇಡರ ದಾಸಿಮಯ್ಯ ನೇಯುವ ಕಾಯಕದವನು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ವೈದ್ಯ ಸಂಗಣ್ಣ, ಇವರೆಲ್ಲರ ಹೆಸರಿನ ಮುಂದೆ ನಿಂತಿರುವುದು ಅವರವರು ಮಾಡುತ್ತಿದ್ದ ಕೆಲಸ. ಶರಣರನ್ನು ನಾವು ಇಂದಿಗ‌ೂ ಅವರ ಕೆಲಸದ ಹೆಸರು ಹಿಡಿದೇ ಕರೆಯುತ್ತೇವೆ. ಸ್ವವಿವರದ ತಲೆಯ ಮೇಲೆ ತನ್ನ ಹೆಸರು, ಅದರ ಕೆಳಗೆ ‘ನೋಂದಾಯಿತ ಶುಶ್ರೂಷಕಿ’ ಎಂದು ಬರೆಯುವ ಹುಡುಗಿ ಅದನ್ನೇ ಮಾಡುತ್ತಿದ್ದಾಳೆ. ಅದನ್ನು ಸಂಕೋಚವಿಲ್ಲದೆ ಬರೆಯಲಿ.

ಎರಡನೆಯ ಪತ್ರಕ್ಕೆ ಮೂರನೆಯ ವಾರದಲ್ಲಿ ಕರೆ ಬಂತು. ಆಕೆಯನ್ನು ಹೆರಿಗೆ ವಾರ್ಡಿಗೆ ತೆಗೆದುಕೊಂಡರು. ಮೊನ್ನೆ ರಜೆಯಲ್ಲಿ ಊರಿಗೆ ಬಂದವಳು ಮನೆಗೂ ಬಂದಿದ್ದಳು. ತೀವ್ರ ನಿಗಾ ಘಟಕದ ತರಬೇತಿಗೆ ತನ್ನ ಹೆಸರು ಸೇರಿದೆಯೆಂದಳು. “ಈಗ ಆ ಸಾಲು ಖರೇ ಬರೀಬಹುದು ಮುತ್ಯಾ” ಎಂದು ನಕ್ಕಳು. ತರಬೇತಿ ಮುಗಿಯಲಿ, ಆಮೇಲೆ ದಿನಾಂಕ ಹಾಕಿ ಬರಿ ಎಂದೆ.